ಉಸ್ತಾದರು ಎಳೆದು ನೋಡಿದ ಬಂದೂಕುಗಳು

ಬಂದೂಕು ಎಳೆಯಲು ಗಟ್ಟಿಯಾಗಿದೆ ಎಂದು ಯಾರಾದರೂ ತಂದು ಮೇಜಿನ ಮೇಲಿಟ್ಟರೆ ತಕ್ಷಣ ಸ್ಕ್ರೂಡ್ರೈವರಿಗೆ ಕೈ ಹಾಕಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಈಗಿನವರಿಗೆ ಬಿಚ್ಚುವ ಆತುರ ಜಾಸ್ತಿ. ಫೋನಿನಲ್ಲಿ ಯಾರೋ ಬಿಚ್ಚಿದ್ದನ್ನು ನೋಡಿರುತ್ತಾರೆ, ತಾವೂ ಬಿಚ್ಚುತ್ತಾರೆ, ಆಮೇಲೆ ಬಿಡಿಭಾಗಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ನಾನು ಕೆಲಸ ಬಿಟ್ಟ ಮೇಲೂ ಹೈದರಾಬಾದಿನ ದಿಲ್‌ಸುಖ್‌ನಗರದ ನನ್ನ ಮನೆ ಬಾಗಿಲಿಗೆ ಇಂಥ ಚೀಲಗಳು ಬರುವುದು ನಿಂತಿಲ್ಲ.

ನಾನು ಹೇಳುತ್ತಿರುವುದು ಛರ್ರೆ ಬಂದೂಕಿನ ವಿಷಯ. ಬಲೂನು ಹೊಡೆಯುವ ಅಂಗಡಿಗಳಲ್ಲಿ ನೀವೆಲ್ಲ ಅದನ್ನು ನೋಡಿದ್ದೀರಿ. ಅದರೊಳಗೆ ಮದ್ದಿಲ್ಲ, ಒಂದು ದಪ್ಪ ಸ್ಪ್ರಿಂಗ್ ಇದೆ ಅಷ್ಟೆ. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿ ಎಳೆದರೆ ಅದಕ್ಕೆ ಸೇರಿದ ಸಲಾಕೆ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಸ್ಪ್ರಿಂಗ್ ಮುದುರಿಕೊಳ್ಳುತ್ತದೆ, ಹಿಂದಿರುವ ಒಂದು ಸಣ್ಣ ಕೊಂಡಿ ಟಕ್ ಎಂದು ಪಿಸ್ಟನ್ನನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ತೆರೆದ ನಳಿಗೆಯ ಬಾಯಿಗೆ ಹೆಬ್ಬೆರಳಿನಿಂದ ಛರ್ರೆ, ಅಂದರೆ ಸೀಸದ ಕಾಳಿನಂಥ ಗುಂಡು, ಒತ್ತಿ, ನಳಿಗೆ ಮುಚ್ಚಿ, ಟ್ರಿಗರ್ ಒತ್ತಬೇಕು. ಟ್ರಿಗರಿಗೆ ನಾವು ಘೋಡಾ ಅನ್ನುತ್ತಿದ್ದೆವು. ಘೋಡಾ ಒತ್ತಿದರೆ ಕೊಂಡಿ ಬಿಡುತ್ತದೆ, ಪಿಸ್ಟನ್ ಮುಂದೆ ನುಗ್ಗುತ್ತದೆ, ಅದು ಅದುಮಿದ ಗಾಳಿಗೆ ಛರ್ರೆ ಹಾರುತ್ತದೆ.

ಇಷ್ಟು ಸಾದಾ ಯಂತ್ರ ಮನುಷ್ಯನ ಬೆರಳು ತೆಗೆಯುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಛರ್ರೆ ಇಡುವ ಹೊತ್ತಿಗೆ ಆ ಸಣ್ಣ ಕೊಂಡಿ ಜಾರಿತು ಅಂದುಕೊಳ್ಳಿ. ಬಗ್ಗಿದ್ದ ನಳಿಗೆ ತಾನಾಗಿ ಹಾರಿಬಂದು ಮುಚ್ಚಿಕೊಳ್ಳುತ್ತದೆ. ನಡುವೆ ಇರುವುದು ಹೆಬ್ಬೆರಳು. ಅಂಥ ಕೈಗಳನ್ನು ನಾನು ನೋಡಿದ್ದೇನೆ, ಅವುಗಳಿಗೆ ಸುತ್ತಿದ್ದ ಬಟ್ಟೆಯನ್ನೂ ನೋಡಿದ್ದೇನೆ. ಅದಕ್ಕೇ ಈ ಕೆಲಸವನ್ನು ಆಟಿಕೆ ರಿಪೇರಿ ಎಂದು ಕರೆಯುವವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೊದಲು ಕಣ್ಣು ಮುಚ್ಚಿ ನಿಧಾನವಾಗಿ ಒಮ್ಮೆ ಎಳೆಯಿರಿ. ಎಲ್ಲಿ ಗಟ್ಟಿ ಎಂದು ಕೈ ಹೇಳಬೇಕು. ಶುರುವಿನಲ್ಲೇ ಹಟ ಹಿಡಿದರೆ ನಳಿಗೆಯ ಕೀಲು ಒಣಗಿದೆ, ಇಲ್ಲವೇ ಯಾರೋ ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿದಿದ್ದಾರೆ. ನಡುವೆ ಗರಗರ ಎಂದು ಕೈಗೆ ಹತ್ತಿದರೆ ಸ್ಪ್ರಿಂಗ್ ಸೊಟ್ಟಗಾಗಿ ಒಳಗೋಡೆಯನ್ನು ಕೆರೆಯುತ್ತಿದೆ. ಕೊನೆಗೆ, ಕೊಂಡಿ ಹಿಡಿಯುವ ಮುಂಚೆ, ಮುಂದಕ್ಕೆ ಹೋಗಲಾರೆ ಎಂದು ನಿಂತರೆ ಬೇರೆ ಯಾವುದೋ ಬಂದೂಕಿನ ಉದ್ದದ ಸ್ಪ್ರಿಂಗನ್ನು ಇದಕ್ಕೆ ತುರುಕಿದ್ದಾರೆ. ಉದ್ದಕ್ಕೂ ಒಂದೇ ಸಮ ಬಿಗಿ ಇದ್ದರೆ ಪಿಸ್ಟನ್ ತಲೆಯ ಚರ್ಮದ ವಾಷರ್ ಊದಿಕೊಂಡಿದೆ. ಇಷ್ಟು ತಿಳಿದ ಮೇಲೆ ಬಿಚ್ಚಿ. ಬಿಚ್ಚುವಾಗಲೂ ಕ್ಲಾಂಪಿನಲ್ಲಿ ಕೂರಿಸಿ ಬಿಚ್ಚಿ, ಇಲ್ಲವಾದರೆ ಸ್ಪ್ರಿಂಗ್ ಎದೆಗೆ ಬಂದು ಬಡಿಯುತ್ತದೆ.

ಇದು ನನ್ನ ತಲೆಯಿಂದ ಬಂದ ವಿದ್ಯೆಯಲ್ಲ. ಹಿಮಾಯತ್‌ನಗರದಲ್ಲಿ ಆಟದ ಸಾಮಾನಿನ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಉಸ್ತಾದರು ಕಲಿಸಿದ್ದು. ಅವರ ಹೆಸರು ಮೌಲಾಸಾಬ್. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಅಂಗಡಿಯ ಮಾಲೀಕನೂ ಉಸ್ತಾದ್ ಎಂದೇ ಅನ್ನುತ್ತಿದ್ದ. ಆಳಂದದ ಕಡೆಯವರು. ನಾನು ಬೀದರ ಜಿಲ್ಲೆಯವನು, ಲೇತ್ ಕೆಲಸ ಕಲಿತು ಹೈದರಾಬಾದಿಗೆ ಬಂದವನು. ಮಾಲೀಕನ ಜೊತೆ ತೆಲುಗು, ಗಿರಾಕಿಗಳ ಜೊತೆ ಹಿಂದಿ, ನಮ್ಮಿಬ್ಬರ ನಡುವೆ ಕನ್ನಡ. ಆ ಕೋಣೆಯಲ್ಲಿ ಗ್ರೀಸಿನ ವಾಸನೆ ಎಷ್ಟಿತ್ತೋ ನಮ್ಮ ಊರ ಕಡೆಯ ಬೈಗುಳವೂ ಅಷ್ಟೇ ಇತ್ತು.

ಉಸ್ತಾದರದು ಒಂದು ಕಟ್ಟಳೆ. ಯಾರೇ ರಿಪೇರಿ ಮಾಡಿರಲಿ, ಬಂದೂಕು ಹೊರಗೆ ಹೋಗುವ ಮುಂಚೆ ಅವರು ಒಮ್ಮೆ ಎಳೆದು ನೋಡಬೇಕು. ಕಣ್ಣು ಮುಚ್ಚಿ ಎಳೆಯುತ್ತಿದ್ದರು, ಕೊಂಡಿ ಹಿಡಿದ ಸದ್ದು ಕೇಳಿದ ಮೇಲೆ ಕಣ್ಣು ತೆರೆಯುತ್ತಿದ್ದರು, ಖಾಲಿ ನಳಿಗೆ ಮುಚ್ಚಿ ಘೋಡಾದ ಮೇಲೆ ಬೆರಳಿಟ್ಟು ಅದರ ಭಾರ ನೋಡುತ್ತಿದ್ದರು. ಆಮೇಲೆ “ಸರಿ ಐತಿ, ಕೊಡು” ಅನ್ನುವರು. ಅದೇ ನಮ್ಮ ಗ್ಯಾರಂಟಿ. ಕೆರೆ ಏರಿಯ ಮೇಲೆ ಬಲೂನಿನ ಹಲಗೆ ಇಡುವವರಿಗಂತೂ ಅದು ದೇವರ ಪ್ರಸಾದ ಇದ್ದಹಾಗೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಮಂದಿ ಅವರು. ಬಂದೂಕು ಕೈಗೆ ತೆಗೆದುಕೊಳ್ಳುವ ಮುಂಚೆ ಅವರದು ಒಂದೇ ಪ್ರಶ್ನೆ: “ಅಜ್ಜಾರು ಎಳದು ನೋಡ್ಯಾರೇನ್ರಿ?” ಇಲ್ಲ ಅಂದರೆ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದರೇ ಹೊರತು ಒಯ್ಯುತ್ತಿರಲಿಲ್ಲ.

ಗಿರಾಕಿಗಳಲ್ಲಿ ಬೇರೆ ತರಹದವರೂ ಇದ್ದರು. ಗಚ್ಚಿಬೌಲಿಯ ಎತ್ತರದ ಅಪಾರ್ಟ್‌ಮೆಂಟಿನಿಂದ ಮೈಸೂರಿನ ಹುಡುಗನೊಬ್ಬ ಬಂದಿದ್ದ. ಬಾಲ್ಕನಿಯ ಪಾರಿವಾಳ ಓಡಿಸಲು ಛರ್ರೆ ಬಂದೂಕು ಇಟ್ಟುಕೊಂಡಿದ್ದನಂತೆ.

“ಸರ್, ಎಳೆಯೋಕೆ ತುಂಬಾ ಟೈಟ್ ಇತ್ತು. ಸ್ವಲ್ಪ ಸ್ಮೂತ್ ಆಗ್ಲಿ ಅಂತ ಕೊಬ್ಬರಿ ಎಣ್ಣೆ ಬಿಟ್ಟೆ. ಹೊಡೆದ್ರೆ ಪಟಾಕಿ ಥರ ಸೌಂಡು, ಹೊಗೆ ಬೇರೆ.”

ಹಿಂದಿನಿಂದ ಉಸ್ತಾದರು, “ತಲಿಗೆ ಹಚ್ಚೂದು ಬಂದೂಕಿಗೆ ಹಚ್ಯಾನ. ತಲಿಗೆ ಇಂಜಿನ್ ಆಯಿಲ್ ಹಚ್ಚತಾನೇನು ಕೇಳು” ಅಂದರು. ಹುಡುಗನೂ ನಕ್ಕ, ನಾನೂ ನಕ್ಕೆ. ಪಿಸ್ಟನ್ನಿನ ಮುಂದೆ ಎಣ್ಣೆ ಸೇರಿದರೆ ಗಾಳಿ ಅದುಮಿದ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ಒಳಗೆ ನೋಡಿದರೆ ವಾಷರ್ ಸುಟ್ಟು ಕರಕಲಾಗಿತ್ತು, ಸ್ಪ್ರಿಂಗ್ ತುಂಡಾಗಿತ್ತು. ಪಾರಿವಾಳ ಏನಾಯಿತು ಎಂದು ಕೇಳಿದೆ. ಒಂದಕ್ಕೆ ರೆಕ್ಕೆ ಮುರಿಯಿತು, ವಾಚ್‌ಮನ್‌ಗೆ ಕೊಟ್ಟೆ ಅಂದ. ಉಸ್ತಾದರ ನಗು ಅಲ್ಲಿಗೆ ನಿಂತಿತು. ಆ ಬಂದೂಕನ್ನು ಅವರು ಎಳೆದು ನೋಡಲೇ ಇಲ್ಲ, ಸಾಮಾನು ಸಿಗುವುದಿಲ್ಲ ಎಂದು ವಾಪಸು ಕೊಡಿಸಿದರು. ಸಾಮಾನು ಮೇಜಿನ ಡ್ರಾಯರಿನಲ್ಲೇ ಇತ್ತು.

ಇನ್ನೊಂದು ಪ್ರಸಂಗ ಹೇಳಲೇಬೇಕು, ಯಾಕೆಂದರೆ ಮುಂದಿನದ್ದೆಲ್ಲ ಅದಕ್ಕೆ ತಗುಲಿಕೊಂಡಿದೆ. ಒಂದು ಬೇಸಿಗೆಯಲ್ಲಿ ನಾವು ರಿಪೇರಿ ಮಾಡಿ ಕಳಿಸಿದ ಬಂದೂಕುಗಳೆಲ್ಲ ಒಂದೊಂದಾಗಿ ವಾಪಸು ಬರತೊಡಗಿದವು. ಎಲ್ಲವೂ ಎಳೆಯಲು ಗಟ್ಟಿ, ಎಲ್ಲದರ ಒಳಗೂ ಒಂದೇ ರೀತಿಯ ಗೀರು. ನಾನು ಸ್ಪ್ರಿಂಗ್ ಬದಲಿಸಿದೆ, ಪಿಸ್ಟನ್ ಉಜ್ಜಿದೆ, ವಾಷರ್ ಹೊಸದು ಹಾಕಿದೆ. ಮತ್ತೆ ಅದೇ ಕಥೆ. ಮಾಲೀಕ ನನ್ನನ್ನು ನೋಡುವ ದೃಷ್ಟಿಯೇ ಬೇರೆಯಾಯಿತು. ಉಸ್ತಾದರು ಮಾತ್ರ ಬಂದೂಕುಗಳ ಕಡೆ ನೋಡದೆ ಗ್ರೀಸಿನ ಡಬ್ಬಿ ತೆಗೆದು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರು. ಮುಚ್ಚಳ ತೆರೆದಿಟ್ಟಾಗ ಪಕ್ಕದ ಕಟ್ಟಡದ ಕಲ್ಲು ಕೊಯ್ಯುವ ಪುಡಿ ಅದರೊಳಗೆ ಬಿದ್ದಿತ್ತು. ನಾವು ಹಚ್ಚುತ್ತಿದ್ದುದು ಗ್ರೀಸಲ್ಲ, ಮರಳು ಕಾಗದ.

“ಶರಣಪ್ಪ, ಎಲ್ಲಾ ಬಂದೂಕಿಗೂ ಒಂದ ರೋಗ ಬಂತಂದ್ರ ಬಂದೂಕು ಬಿಚ್ಚಬ್ಯಾಡ. ಅವಕ್ಕೆಲ್ಲ ಮುಟ್ಟಿದ್ದು ಏನೈತಿ, ಅದನ್ನ ನೋಡು” ಅಂದರು. ನಾನು ಈ ಕೆಲಸದಲ್ಲಿ ಕಲಿತ ಅತಿ ದೊಡ್ಡ ಮಾತು ಅದು. ಅದು ಮುಂದೆ ಹೇಗೆ ಉಪಯೋಗಕ್ಕೆ ಬರುತ್ತದೆ ಎಂದು ಗೊತ್ತಿದ್ದರೆ ಕಲಿಯುತ್ತಲೇ ಇರಲಿಲ್ಲ.

ವರ್ಷಗಳು ಕಳೆದವು. ಚರ್ಮದ ವಾಷರ್ ಹೋಗಿ ಪ್ಲಾಸ್ಟಿಕ್ಕಿನವು ಬಂದವು. ಸ್ಪರ್ಧೆಗೆ ಹೋಗುವ ಹುಡುಗ ಹುಡುಗಿಯರು ಸ್ಪ್ರಿಂಗಿನ ಬಂದೂಕು ಬಿಟ್ಟು ಗಾಳಿ ತುಂಬಿದ ಸಿಲಿಂಡರಿನವನ್ನು ಹಿಡಿದರು. ಅವುಗಳಲ್ಲಿ ಎಳೆಯುವ ಕಷ್ಟವೇ ಇಲ್ಲ. ನಮ್ಮ ಕೋಣೆಗೆ ಉಳಿದವರು ಬಲೂನಿನವರು, ಹೊಲಕ್ಕೆ ಬರುವ ಮಂಗ ಓಡಿಸುವವರು. ಕೆಲಸ ಕಡಿಮೆಯಾದಂತೆ ಉಸ್ತಾದರ ಬಿಗಿ ಹೆಚ್ಚಾಯಿತು. ನಾನು ರಿಪೇರಿ ಮಾಡಿ ಮುಂದಿಟ್ಟದ್ದನ್ನು ಅರ್ಧ ಎಳೆದು, “ಗಟ್ಟಿ ಐತಿ. ಮತ್ತ ಬಿಚ್ಚು” ಎಂದು ಹಿಂದಕ್ಕೆ ತಳ್ಳತೊಡಗಿದರು.

ಮೊದಮೊದಲು ಬಿಚ್ಚಿದೆ. ಏನೂ ಸಿಗಲಿಲ್ಲ. ಸ್ಪ್ರಿಂಗ್ ನೇರ, ಸಲಾಕೆ ನೇರ, ಗ್ರೀಸು ಶುದ್ಧ. ಹಾಗೇ ಮುಚ್ಚಿ ಕೊಟ್ಟರೆ ಒಮ್ಮೊಮ್ಮೆ ಪಾಸಾಗುತ್ತಿತ್ತು, ಬೆಳಿಗ್ಗೆಯ ಹೊತ್ತಿನಲ್ಲಿ ಹೆಚ್ಚು. ಸಂಜೆಗೆ ಯಾವುದೂ ಪಾಸಾಗುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುದುಕನಿಗೆ ಕೆಲಸ ಹೋಗುವ ಭಯ, ಅದಕ್ಕೆ ನನ್ನನ್ನು ಹಿಂಡುತ್ತಿದ್ದಾನೆ ಎಂದೇ ಅಂದುಕೊಂಡಿದ್ದೆ. ಒಂದು ದಿನ ಎದುರು ಮಾತಾಡಿದೆ.

“ಎಲ್ಲಿ ಗಟ್ಟಿ ಐತಿ ಹೇಳ್ರಿ ಉಸ್ತಾದ್. ಶುರುವಿಗೋ, ನಡುವೋ, ಕಡೀಗೋ?”

“ಎಲ್ಲಾ ಕಡೆ.”

“ಎಲ್ಲಾ ಕಡೆ ಅಂದ್ರ ವಾಷರ್. ನಿನ್ನೇನ ಹೊಸಾದು ಹಾಕೀನ್ರಿ.”

“ಹಂಗಾರ ನನ್ನ ಕೈ ಸುಳ್ಳು ಹೇಳಾಕತ್ತೈತೇನು?” ಅಂದರು. ಅವರಿಗೆ ಸಿಟ್ಟು ಬಂದಿತ್ತು, ನನಗೂ ಬಂದಿತ್ತು, ಆದ್ದರಿಂದ ಇಬ್ಬರೂ ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಜಗಳ ತೀರಲಿ ಎಂದು ನಾನು ರದ್ದಿ ಕೊಳ್ಳುವವರು ಇಟ್ಟುಕೊಳ್ಳುವಂಥ ನೇತಾಡುವ ತೂಕದ ಕಾಟಾ ಒಂದನ್ನು ತಂದೆ. ಬಂದೂಕನ್ನು ಕ್ಲಾಂಪಿಗೆ ಕಟ್ಟಿ, ಕಾಟಾದ ಕೊಕ್ಕೆಯನ್ನು ನಳಿಗೆಯ ತುದಿಗೆ ಸಿಕ್ಕಿಸಿ ಎಳೆದರೆ ಎಷ್ಟು ಬಲ ಬೇಕು ಎಂದು ಮುಳ್ಳು ತೋರಿಸುತ್ತದೆ. ಸರಿಯಿದ್ದ ಒಂದು ಬಂದೂಕಿನಿಂದ ಅದರ ಮೇಲೆ ಗೆರೆ ಗುರುತು ಮಾಡಿದೆ. ಉಸ್ತಾದರು ಅದನ್ನು ಮುಟ್ಟಲಿಲ್ಲ. “ಪೇಪರ್ ತೂಗೂ ಸಾಮಾನು ತಂದು ನನ್ನ ಮುಂದ ಹಿಡೀತಿ?” ಎಂದು ಮುಖ ತಿರುಗಿಸಿದರು. ಅವರು ಚಹಾಕ್ಕೆ ಹೋದಾಗ, ಅವರು ಗಟ್ಟಿ ಎಂದು ತಳ್ಳಿದ್ದ ಬಂದೂಕುಗಳನ್ನೆಲ್ಲ ತೂಗಿ ನೋಡಿದೆ. ಮುಳ್ಳು ಎಲ್ಲದಕ್ಕೂ ಗೆರೆಯ ಮೇಲೆಯೇ ನಿಂತಿತು.

ಎಲ್ಲ ಬಂದೂಕಿಗೂ ಒಂದೇ ರೋಗ. ಎಲ್ಲಕ್ಕೂ ಮುಟ್ಟಿದ್ದು ಏನು? ನಾನು ಕಾಟಾ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಆಮೇಲೆ ನನಗೆ ಎಲ್ಲವೂ ಕಾಣತೊಡಗಿತು. ಉಸ್ತಾದರು ಅಂಗಿಯ ಗುಂಡಿ ಹಾಕುವುದನ್ನು ಬಿಟ್ಟಿದ್ದರು. ಚಹಾದ ಲೋಟ ಹಿಡಿಯಲು ಎರಡೂ ಕೈ ಬೇಕಾಗುತ್ತಿತ್ತು. ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರುತ್ತದಲ್ಲ ಮಾಂಸ, ಅದು ಇಳಿದು ಅಲ್ಲೊಂದು ಗುಳಿ ಬಿದ್ದಿತ್ತು. ನಳಿಗೆ ಎಳೆಯುವಾಗ ಬಂದೂಕಿನ ಹಿಡಿಯನ್ನು ತೊಡೆಗೆ ಒತ್ತಿ, ಮೈಯ ಭಾರವನ್ನೆಲ್ಲ ಹಾಕುತ್ತಿದ್ದರು. ವಯಸ್ಸಾಯಿತು ಅನ್ನುವಂಥದ್ದಲ್ಲ ಅದು, ಎಡಗೈ ಇನ್ನೂ ಗಟ್ಟಿಮುಟ್ಟಾಗಿತ್ತು. “ಒಮ್ಮೆ ದವಾಖಾನಿಗೆ ತೋರಸ್ರಿ” ಅಂದೆ. “ಬಂದೂಕು ಸರಿ ಮಾಡೂದು ಬಿಟ್ಟು ನನ್ನ ಸರಿ ಮಾಡಾಕ ಬಂದೀಯೇನು?” ಅಂದರು. ಅವರ ಹೆಂಡತಿಗೂ ಹೇಳಿಕಳಿಸಿದೆ. ಯಾವ ಪ್ರಯೋಜನವೂ ಆಗಲಿಲ್ಲ.

ಆ ಹೊತ್ತಿಗೆ ಮಲ್ಲಮ್ಮ ಬಂದದ್ದು. ಯಾದಗಿರಿಯ ಕಡೆಯ ಹೆಂಗಸು, ಗಂಡ ತೀರಿಕೊಂಡ ಮೇಲೆ ಕೆರೆ ಏರಿಯ ಬಲೂನಿನ ಹಲಗೆಯನ್ನು ತಾನೇ ನಡೆಸುತ್ತಿದ್ದಳು. ಗಿರಾಕಿಗಳಿಗೆ ಬಂದೂಕು ಎಳೆಯಲು ಬರುವುದಿಲ್ಲ, ಆದ್ದರಿಂದ ಪ್ರತಿ ಹೊಡೆತಕ್ಕೂ ಆಕೆಯೇ ಎಳೆದು, ಛರ್ರೆ ಒತ್ತಿ ಕೊಡಬೇಕು. ಭಾನುವಾರದ ಗದ್ದಲಕ್ಕೆ ಕೈ ಸಾಲದೆ, ಸಂಜೆ ಆಗುವ ಮುಂಚೆಯೇ ಬಂದೂಕುಗಳನ್ನೆಲ್ಲ ಎಳೆದು ಬಾಯಿ ತೆರೆದಂತೆ ಸಾಲಾಗಿ ಒರಗಿಸಿ ಇಟ್ಟುಬಿಡುತ್ತಿದ್ದಳು. ಬಲೂನಿನವರೆಲ್ಲ ಮಾಡುವ ತಪ್ಪು ಅದು. ಮುದುರಿಕೊಂಡೇ ಗಂಟೆಗಟ್ಟಲೆ ನಿಂತ ಸ್ಪ್ರಿಂಗ್ ಸೊಟ್ಟಗಾಗುತ್ತದೆ, ಕೊಂಡಿ ಸವೆಯುತ್ತದೆ. ಎಷ್ಟು ಸಲ ಬೈದರೂ ಕೇಳುವವರಲ್ಲ.

“ಅಣ್ಣಾರ, ಇದು ಭಾಳ ಗಟ್ಟಿ ಆಗೇತಿ ನೋಡ್ರಿ. ಎಳದೆಳದು ರಟ್ಟಿ ಬಿದ್ದು ಹೋಗಾಕತ್ತೈತಿ” ಅಂದಳು.

ಇದು ನಿಜವಾಗಿಯೂ ಗಟ್ಟಿಯಾಗಿತ್ತು. ನಡುವೆ ಗರಗರ ಅನ್ನುತ್ತಿತ್ತು. ಬಿಚ್ಚಿದರೆ ಸ್ಪ್ರಿಂಗ್ ಬಾಗಿತ್ತು, ಕೊಂಡಿಯ ಅಂಚೂ ಸವೆದಿತ್ತು. ಎರಡನ್ನೂ ಹೊಸದು ಹಾಕಿದೆ. ಎಳೆದಿಟ್ಟು, ಹಿಡಿಯನ್ನು ನೆಲಕ್ಕೆ ಕುಟ್ಟಿ ನೋಡಿದೆ, ಕೊಂಡಿ ಅಲುಗಲಿಲ್ಲ. ಕಾಟಾದ ಮುಳ್ಳು ಗೆರೆಗೆ ಬಂದು ನಿಂತಿತು. ಸಂಜೆಯಾಗಿತ್ತು. ಮಲ್ಲಮ್ಮ ಬಾಗಿಲಲ್ಲಿ ಕಾಯುತ್ತಿದ್ದಳು. ಉಸ್ತಾದರು ಬಂದೂಕು ತೆಗೆದುಕೊಂಡು ಅರ್ಧ ಎಳೆದು ನಿಲ್ಲಿಸಿದರು.

“ಗಟ್ಟಿ ಐತಿ.” ನಳಿಗೆ ಬಿಟ್ಟು ಘೋಡಾ ಒತ್ತಿ ನೋಡಿದರು. “ಘೋಡಾನೂ ಗಟ್ಟಿ ಐತಿ. ಹೆಣ್ಮಗಳು ಆಕಿ, ಹ್ಯಾಂಗ ಒತ್ತಬೇಕು?” ಬಂದೂಕನ್ನು ತಮ್ಮ ಮೇಜಿಗೆ ಒಯ್ದು, ನಾನು ನೋಡನೋಡುತ್ತಿದ್ದಂತೆ ಹೊಸ ಕೊಂಡಿಯನ್ನು ಹೊರಗೆ ತೆಗೆದರು. ಡ್ರಾಯರಿನಿಂದ ಬಟ್ಟೆ ಸುತ್ತಿದ ಸಾಣೆಕಲ್ಲು ಬಂತು.

“ಉಸ್ತಾದ್, ಕೊಂಡಿ ಮುಟ್ಟಬ್ಯಾಡ್ರಿ.”

“ನೀ ನನಗ ಹೇಳತೀಯೇನು?”

“ಎಳೆಯೂದು ಗಟ್ಟಿ ಇದ್ರ ಕೊಂಡಿಗೆ ಸಂಬಂಧ ಇಲ್ಲಂತ ನೀವ ಕಲಿಸೀರಿ.”

ಅವರು ಎಡಗೈಯಲ್ಲಿ ಸಾಣೆ ಹಿಡಿದು, ಕೊಂಡಿಯ ಅಂಚನ್ನು ಉಜ್ಜುತ್ತಾ ಹೋದರು. ಘೋಡಾ ಹಗುರಾಯಿತು, ಕೊಂಡಿಯ ಹಿಡಿತವೂ ಅಷ್ಟೇ ಸಡಿಲವಾಯಿತು. ಮತ್ತೆ ಜೋಡಿಸಿ, ಎಳೆದು ನೋಡದೆಯೇ ಮಲ್ಲಮ್ಮನ ಕೈಗೆ ಕೊಟ್ಟರು. ಆಕೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಲು ಶುರು ಮಾಡಿದಳು.

ಮಾಲೀಕ ಬಾಗಿಲ ಬಳಿಯೇ ಇದ್ದ, ಒಂದಿಬ್ಬರು ಗಿರಾಕಿಗಳೂ ಇದ್ದರು. ಆಕೆಯ ಕೈಯಿಂದ ಬಂದೂಕು ಕಿತ್ತುಕೊಂಡೆ. ನಳಿಗೆ ಬಗ್ಗಿಸಿ ಎಳೆದೆ, ಕೊಂಡಿ ಹಿಡಿಯಿತು. ತೆರೆದ ಬಾಯಿಗೆ ಅಡ್ಡಲಾಗಿ ಮೇಜಿನ ಮೇಲಿದ್ದ ಪೆನ್ಸಿಲ್ ಇಟ್ಟು, ಹಿಡಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದೆ. ಕೊಂಡಿ ಜಾರಿತು. ನಳಿಗೆ ಹಾರಿ ಮುಚ್ಚಿಕೊಂಡ ಹೊಡೆತಕ್ಕೆ ಬಂದೂಕು ನನ್ನ ಕೈ ಬಿಟ್ಟು ಹೋಯಿತು. ಪೆನ್ಸಿಲಿನ ಒಂದು ತುಂಡು ಮಲ್ಲಮ್ಮನ ಕಾಲಬಳಿ ಬಿತ್ತು.

“ಏಮೈಂದಿ, ಏಮೈಂದಿ?” ಏನಾಯಿತು ಎಂದು ಕೇಳುತ್ತಾ ಮಾಲೀಕ ಓಡಿಬಂದ. ಮಲ್ಲಮ್ಮ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಎಲ್ಲರೂ ಉಸ್ತಾದರನ್ನು ನೋಡಿದರು. ಅವರು ಸಾಣೆಕಲ್ಲನ್ನು ಬಟ್ಟೆಯಲ್ಲಿ ಸುತ್ತಿದರು. ಗಂಟು ಹಾಕಲು ಬಲಗೈ ಬೆರಳು ಒಪ್ಪಲಿಲ್ಲ. ಹಾಗೇ ಡ್ರಾಯರಿನಲ್ಲಿಟ್ಟು, ಟೋಪಿ ತೆಗೆದುಕೊಂಡು ಹೊರಟುಹೋದರು.

ಗುರುವಿನ ಮಾನ ತೆಗೆದೆ ಎಂದು ಆಮೇಲೆ ಕೆಲವರು ನನ್ನ ಬೆನ್ನ ಹಿಂದೆ ಆಡಿಕೊಂಡರು. ಆಡಿಕೊಳ್ಳಲಿ. ಇನ್ನೊಮ್ಮೆ ಅದೇ ಹೊತ್ತು ಬಂದರೆ ಇನ್ನೊಮ್ಮೆ ಹಾಗೇ ಮಾಡುತ್ತೇನೆ. ಆದರೆ ಅವತ್ತು ಮನೆಗೆ ಹೋಗಿ ಊಟದ ಮುಂದೆ ಕೂತು ಅತ್ತದ್ದು ನಿಜ. ಮಾರನೆಯ ದಿನ ಮಾಲೀಕ ಉಸ್ತಾದರ ಖಾಲಿ ಕುರ್ಚಿಯ ಕಡೆ ನೋಡಿ, “ಇಕ ನುಂಚಿ ನುವ್ವೇ ಲಾಗಿ ಚೂಡು” ಅಂದ. ಇನ್ನು ಮೇಲೆ ಎಳೆದು ನೋಡುವವನು ನೀನೇ ಎಂದರೆ ಅದು ಬಡ್ತಿ. ಅಷ್ಟು ಕಹಿಯಾದದ್ದನ್ನು ನಾನು ಬೇರೆ ಯಾವತ್ತೂ ನುಂಗಿಲ್ಲ.

ಮಲ್ಲಮ್ಮನ ಬಂದೂಕಿಗೆ ಮತ್ತೊಂದು ಕೊಂಡಿ ಹಾಕಿದೆ, ಹೊಡೆತಕ್ಕೆ ಬಾಗಿದ್ದ ನಳಿಗೆಯನ್ನು ಬದಲಿಸಿದೆ, ಸ್ಪ್ರಿಂಗನ್ನೂ ಮತ್ತೆ ಹೊಸದು ಹಾಕಿದೆ. ಕುಟ್ಟಿ ನೋಡಿದೆ, ತೂಗಿ ನೋಡಿದೆ. ನಳಿಗೆ ಸಿಗಲು ತಡವಾಗಿ, ಮೂರು ವಾರದ ಮೇಲೆ ಆಕೆ ಬಂದಾಗ ಮುಂದಿಟ್ಟೆ. ಆಕೆ ಕೈ ಚಾಚಲಿಲ್ಲ.

“ಅಜ್ಜಾರು ಎಳದು ನೋಡ್ಯಾರೇನ್ರಿ?”

ನನಗೆ ತಲೆ ಕೆಟ್ಟಿತು. “ನಿನ್ನ ಬೆರಳು ಹೋಗೂದಿತ್ತಲ್ಲವಾ ಅವತ್ತು! ಮತ್ತ ಅವರಽ ನೋಡಬೇಕೇನು?”

“ಅವತ್ತು ಅವರು ಎಳದು ನೋಡಿದ್ದಿಲ್ರಿ ಅಣ್ಣಾರ. ಅರ್ಧಕ್ಕ ಬಿಟ್ಟಿದ್ರು. ನಾ ನೋಡೀನಲ್ಲ. ಅವರಽ ಕೈಗೆ ಕೊಟ್ರಂತ ಇಸ್ಕೊಂಡಿದ್ದೆ” ಅಂದಳು. “ನಮ್ಮವರು ಇದ್ದಾಗಿಂದ ಅಜ್ಜಾರು ಪೂರಾ ಎಳದು ನೋಡಿದ್ದಽ ನಾವು ಒಯ್ದೀವಿ. ಅಂಥದ್ದರಾಗ ಒಬ್ಬರದರೆ ಬೆರಳು ಹೋಗೇತೇನ್ರಿ?”

ಹೋಗಿರಲಿಲ್ಲ. ಮಧ್ಯಾಹ್ನ ಬಂದೂಕನ್ನು ಗೋಣಿಯಲ್ಲಿ ಸುತ್ತಿಕೊಂಡು ಉಸ್ತಾದರ ಮನೆಗೆ ಹೋದೆ. ಬಾಗಿಲಲ್ಲೇ ಬೈಯುತ್ತಾರೆ, ಒಳಗೆ ಬಿಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರ ಹೆಂಡತಿ ಬಾಗಿಲು ತೆಗೆದು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದರು. ಉಸ್ತಾದರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ದವಾಖಾನಿಯವರು ನನ್ನ ಬಿಚ್ಚಿ ನೋಡ್ಯಾರ” ಅಂದರು. “ನರದ್ದು ಅಂತ. ಕೈ ಆತು, ಮುಂದ ಕಾಲು, ಆಮ್ಯಾಲ ಗಂಟಲಂತ. ಇದಕ್ಕ ಸಾಮಾನು ಎಲ್ಲೂ ಸಿಗೂದಿಲ್ಲಂತ ಶರಣಪ್ಪ.”

ನಾನು ನೆಲದ ಮೇಲೆ ಕೂತೆ.

“ಎಲ್ಲಾ ಬಂದೂಕಿಗೂ ಒಂದ ರೋಗ ಬಂದಿತ್ತು. ನಾನ ನಿನಗ ಹೇಳಿಕೊಟ್ಟಿದ್ದು. ನನಗ ಮಾತ್ರ ಡಬ್ಬಿ ಕಾಣಲಿಲ್ಲ ನೋಡು.” ಆಮೇಲೆ “ಆ ಹೆಣ್ಮಗಳ ಕೈ?” ಎಂದು ಕೇಳಿದರು.

“ಏನೂ ಆಗಿಲ್ರಿ. ಬಂದೂಕು ಒಯ್ಯಾಕ ಒಲ್ಲೆ ಅಂತಾಳ. ನೀವು ಎಳದು ನೋಡಬೇಕಂತ.”

ಅವರು ಗೋಣಿಯ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ “ತಾ” ಅಂದರು. ಬಂದೂಕನ್ನು ತೊಡೆಯ ಮೇಲಿಟ್ಟೆ. ಬಲಗೈಯಿಂದ ನಳಿಗೆ ಹಿಡಿದು ಎಳೆಯಲು ನೋಡಿದರು. ಅದು ಬಾಯಿ ಸಹ ಬಿಡಲಿಲ್ಲ. ಹಣೆಯ ಮೇಲೆ ಬೆವರು ಬಂತು. ಅವರು ಮತ್ತೆ ಗಟ್ಟಿ ಐತಿ ಅನ್ನಬಹುದು ಎಂದು ನನಗೆ ಹೆದರಿಕೆಯಾಯಿತು. ಅನ್ನಲಿಲ್ಲ.

“ನನ್ನ ಕೈ ಮ್ಯಾಲೆ ನಿನ್ನ ಕೈ ಇಡು. ಸಾವಕಾಶ ಎಳಿ.”

ನಳಿಗೆ ಹಿಡಿದ ಅವರ ಕೈಯ ಮೇಲೆ ನನ್ನ ಕೈ ಇಟ್ಟೆ. ಎಲುಬು ಬಿಟ್ಟರೆ ಏನೂ ಇರಲಿಲ್ಲ ಅಲ್ಲಿ. ಅವರು ಕಣ್ಣು ಮುಚ್ಚಿದರು. ನಾನು ಎಳೆದೆ, ಅವರ ಕೈ ನನ್ನ ಕೈಯೊಳಗೆ ಕೂತು ಜೊತೆಗೆ ಬಂತು. ಕೊಂಡಿ ಟಕ್ ಅಂದಿತು. ಅವರು ಕಣ್ಣು ತೆರೆದರು.

“ನಡುವ ಒಂದು ಕಡೆ ಗರ್ ಅಂತೈತಿ. ಸ್ಪ್ರಿಂಗಿನ ತುದಿ ತೀಡಿಲ್ಲ ನೀ.”

ನನ್ನ ಕೈಗೆ ಏನೂ ಹತ್ತಿರಲಿಲ್ಲ, ಕಾಟಾಕ್ಕೂ ಹತ್ತಿರಲಿಲ್ಲ. ಆದರೂ ಅಂಗಡಿಗೆ ವಾಪಸು ಬಂದು ಬಿಚ್ಚಿದೆ. ಸ್ಪ್ರಿಂಗಿನ ಕೊನೆಯಲ್ಲಿ ಉಗುರಿಗೆ ಸಿಗುವಷ್ಟು ಮೊನೆ ಉಳಿದಿತ್ತು. ಅವರ ಕೈಯಲ್ಲಿ ಬಲ ಹೋಗಿತ್ತು, ಇನ್ನೇನೂ ಹೋಗಿರಲಿಲ್ಲ. ಮೊನೆಯನ್ನು ನುಣ್ಣಗೆ ತೀಡಿ, ಗ್ರೀಸು ಹಚ್ಚಿ, ಮರುದಿನ ಮತ್ತೆ ಒಯ್ದೆ. ಮತ್ತೆ ಅವರ ಕೈಯ ಮೇಲೆ ಕೈ ಇಟ್ಟು ಎಳೆದೆ. ನಳಿಗೆ ಮುಚ್ಚಿಕೊಟ್ಟೆ. ಘೋಡಾದ ಮೇಲೆ ಅವರ ಬೆರಳನ್ನು ನಾನೇ ಇಟ್ಟೆ.

“ಸರಿ ಐತಿ. ಕೊಡು ಆಕಿಗೆ.”

ಅವರು ಎಳೆದು ನೋಡಿದ ಕೊನೆಯ ಬಂದೂಕು ಅದು. ಕೆಲವೇ ತಿಂಗಳಲ್ಲಿ ಎಡಗೈಯೂ ಇಳಿಯಿತು. ಮುಂದಿನ ಚಳಿಗಾಲ ಬರುವ ಮುಂಚೆ ಅವರ ಹೆಂಡತಿಯ ಜೊತೆ ಸರದಿಯಲ್ಲಿ ನಾನೂ ಅವರ ಬಾಯಿಗೆ ಗಂಜಿ ಹಾಕಿದೆ, ಕಡೆಗೆ ಅದೂ ಇಳಿಯಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆಯೂ ನಾನು ವರ್ಷಗಟ್ಟಲೆ ಆ ಕೋಣೆಯಲ್ಲಿ ಕೆಲಸ ಮಾಡಿದೆ. ಬಂದೂಕು ಎಳೆದು ನೋಡುವಾಗೆಲ್ಲ ಮೊದಲು ಕಾಟಾಕ್ಕೆ ಹಾಕುತ್ತಿದ್ದೆ, ಆಮೇಲೆ ಕಣ್ಣು ಮುಚ್ಚಿ ಎಳೆಯುತ್ತಿದ್ದೆ. ನೀವೂ ಹಾಗೇ ಮಾಡಿ. ಬಂದೂಕು ಗಟ್ಟಿ ಅನ್ನಿಸಿದ ದಿನ ಕಾಟಾ ಸರಿ ಅಂದರೆ ಎದ್ದು ಮನೆಗೆ ಹೋಗಿ. ನಾನು ಹಾಗೇ ಹೋದೆ.

ಉಸ್ತಾದರು ಸರಿ ಐತಿ ಅಂದ ಆ ದಿನ ಅವರ ಮನೆಯಿಂದ ವಾಪಸು ಬಂದಾಗ ಮಲ್ಲಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಕೈಯಲ್ಲಿ ಗೋಣಿ ನೋಡಿ ಎದ್ದು ನಿಂತಳು.

“ಅಜ್ಜಾರು ಎಳದು ನೋಡ್ಯಾರೇನ್ರಿ?”

“ಪೂರಾ ಎಳದು ನೋಡ್ಯಾರವ್ವಾ.”

ಆಕೆ ಬಂದೂಕು ತೆಗೆದುಕೊಂಡು ನಳಿಗೆ ಬಗ್ಗಿಸಿ ಎಳೆದಳು. ಸೆರಗಿನ ಗಂಟಿನಿಂದ ಒಂದು ಛರ್ರೆ ತೆಗೆದು, ಬಂದೂಕಿನ ಕಡೆ ನೋಡದೆ ದೂರದ ಮೆಟ್ರೋ ರೈಲಿನ ಕಡೆ ಕಣ್ಣಿಟ್ಟು, ತೆರೆದ ಬಾಯಿಗೆ ಹೆಬ್ಬೆರಳಿಟ್ಟು ಒತ್ತಿದಳು.